ಮೊನೆಗೆ ಮೊನೆ

ಸುಂಟಿಕೊಪ್ಪದ ಹತ್ತಿರ ನಮಗಿರುವುದು ಮೂರು ಎಕರೆ ರೋಬಸ್ಟಾ. ಹೋದ ವರ್ಷ ಮುದಿ ಗಿಡಗಳನ್ನು ಕೀಳಿಸಿ ಹೊಸ ಸಸಿಗೆ ಗುಂಡಿ ತೆಗೆಸಿದೆವು. ಕಿತ್ತ ಬೊಡ್ಡೆಗಳೆಲ್ಲ ಬಚ್ಚಲ ಒಲೆಗೆ. ಒಂದು ಬೆಳಿಗ್ಗೆ ಕತ್ತಿಯೇಟು ಬಿದ್ದ ತುಂಡೊಂದನ್ನು ಎತ್ತಿ ನೋಡಿದೆ: ತಿಳಿ ಹಳದಿ, ಗಟ್ಟಿ, ನಾರು ಎಲ್ಲಿದೆಯೆಂದು ಹುಡುಕಬೇಕು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೀಚಿದವನಿಗೆ ಅದು ಪೆನ್ನಾಗಿ ಕಂಡಿತು. ನಿವೃತ್ತಿಯ ಹಣದಲ್ಲಿ ಮರವನ್ನು ತಿರುಗಿಸಿ ಕಡೆಯುವ ಒಂದು ಪುಟ್ಟ ಲೇತ್ ಯಂತ್ರ ಕೊಳ್ಳುತ್ತೇನೆ ಎಂದಾಗ ಹೆಂಡತಿ, "ಮೊದಲು ಒಲೆಗೆ ಬೇರೆ ಸೌದೆ ತರಿಸಿ" ಎಂದಳು.

ಬೆಂಗಳೂರಿಗೆ ಹೋಗುವಾಗ ನಮ್ಮೂರಿನ ಆಚಾರಿಯವರನ್ನು ಕರೆದುಕೊಂಡು ಹೋದೆ. ಹರೆಯದಲ್ಲಿ ಅವರು ಎರಡು ವರ್ಷ ಚನ್ನಪಟ್ಟಣದಲ್ಲಿ ಬೊಂಬೆ ಕಡೆದವರು. ಬಸ್ಸು ಹುಣಸೂರು ದಾಟುವವರೆಗೂ ಅದೇ ಮಾತು: ಲೇತಿನಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುವುದು, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವುದು, ಆಮೇಲೆ ಕೇದಗೆಯ ಗರಿ ಹಿಡಿದು ಮೆರುಗು ತರುವುದು. ನಾನು ಮಾತ್ರ ಕಾಗದದ ಮೇಲೆ ಲೆಕ್ಕ ಹಾಕಿಕೊಂಡಿದ್ದೆ. ಪೆನ್ನಿಗೆ ಬೇಕಾದದ್ದು ಮುಕ್ಕಾಲು ಇಂಚು ದಪ್ಪದ, ಐದು ಇಂಚು ಉದ್ದದ ಕಡ್ಡಿ. ಅದನ್ನು ಎರಡು ಮಾಡಿ, 7 ಮಿಲಿಮೀಟರ್ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಎರಡನ್ನೂ ತೆಳುವಾದ ಉಕ್ಕಿನ ಸರಳಿಗೆ ಪೋಣಿಸಿ ಕಡೆಯಬೇಕು. ಇಷ್ಟಕ್ಕೆ ಮೇಜಿನ ಮೂಲೆಯಲ್ಲಿ ಕೂರುವ ಆಟಿಕೆಯಂಥ ಯಂತ್ರ ಸಾಲದೇ?

"ತೂತನ್ನು ಎಲ್ಲಿ ಕೊರೆಯುತ್ತೀರಿ, ಮೇಷ್ಟ್ರೇ?" ಎಂದರು ಆಚಾರಿ.

ಅದನ್ನು ಯೋಚಿಸಿರಲಿಲ್ಲ. ಲೇತಿನಲ್ಲೇ ನೆಟ್ಟಗೆ ಕೊರೆಯಬೇಕೆಂದರೆ ಒಂದು ಬದಿಗೆ ಮರ ಹಿಡಿದ ಚಕ್ ಎಂಬ ಕಬ್ಬಿಣದ ಹಿಡಿತ, ಇನ್ನೊಂದು ಬದಿಗೆ ಡ್ರಿಲ್ ಬಿಟ್ ಹಿಡಿದ ಚಕ್, ನಡುವೆ ಬಿಟ್ಟಿನ ಉದ್ದ. ಅವರು ಗೇಣು ಹಾಕಿ ತೋರಿಸಿದರು. ಐದು ಇಂಚಿನ ಪೆನ್ನಿಗೆ, ಮರವನ್ನು ಎರಡೂ ಬದಿಯಿಂದ ಹಿಡಿಯುವ ಲೇತಿನ ಎರಡು ಮೊನೆಗಳ ನಡುವೆ ಹದಿನಾರು ಇಂಚು ಜಾಗವಿದ್ದರೂ ಅದು ದುಂದಲ್ಲ.

ಎಸ್.ಜೆ.ಪಿ. ರಸ್ತೆಯ ಗದ್ದಲದಲ್ಲಿ ಮೊದಲ ಅಂಗಡಿಯಲ್ಲೇ ನನ್ನ ಮನಸ್ಸು ಜಾರಿತು. ಬೆಳ್ಳನೆಯ ಯಂತ್ರ. ಒಂದು ಗುಂಡಿ ತಿರುಗಿಸಿದರೆ ವೇಗ ನಿಮಿಷಕ್ಕೆ 500 ಸುತ್ತಿನಿಂದ 3000ಕ್ಕೂ ಮೇಲೆ ನಿಧಾನವಾಗಿ ಏರುತ್ತದೆ, ಪರದೆಯ ಮೇಲೆ ಅಂಕಿ ಹೊಳೆಯುತ್ತದೆ. ತೂತಿಗೆ 500, ಒರಟು ಕೆತ್ತನೆಗೆ 1500, ನಯಗೊಳಿಸಲು 2500 ಎಂದು ಓದಿಕೊಂಡಿದ್ದ ನನಗೆ ಇದು ಸ್ವರ್ಗ. ಆಚಾರಿ ಗುಂಡಿಯನ್ನು ಮುಟ್ಟಲೇ ಇಲ್ಲ. ಮರ ತಿರುಗಿಸುವ ಬದಿಯಾದ ಹೆಡ್‌ಸ್ಟಾಕಿಗೆ ಒಂದು ಮೊನೆ, ಎದುರಿನ ಸರಿಯುವ ಬದಿಯಾದ ಟೇಲ್‌ಸ್ಟಾಕಿಗೆ ಒಂದು ಮೊನೆ ಹಾಕಿಸಿ, ಟೇಲ್‌ಸ್ಟಾಕನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಕನ್ನಡಕ ಹಣೆಗೇರಿಸಿ ಬಗ್ಗಿದರು. ಎರಡು ಸೂಜಿಗಳು ಎದುರುಬದುರಾಗಿ ನಿಂತಂತಿದ್ದವು. ಒಂದರ ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ.

"ಇಷ್ಟು ಎಲ್ಲದರಲ್ಲೂ ಇರುತ್ತದೆ" ಎಂದ ಅಂಗಡಿಯ ಹುಡುಗ.

"ಮಂಚದ ಕಾಲಿಗೆ ಸರಿ" ಎಂದರು ಆಚಾರಿ.

ಪೆನ್ನಿನ ಮರ ಕೊನೆಗೆ ಉಳಿಯುವುದು ಕೊಳವೆಯ ಸುತ್ತ ಸಿಪ್ಪೆಯಷ್ಟು ತೆಳ್ಳಗೆ. ಮೊನೆಗಳು ಕೂಡದಿದ್ದರೆ ಸರಳು ಬಾಗಿ ಕುಣಿಯುತ್ತದೆ, ಮರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು. ಅದರ ಪಕ್ಕ ಕೂರುವ ಲೋಹದ ಉಂಗುರ ಪೂರ್ತಿ ದುಂಡಗಿರುವುದರಿಂದ ತಪ್ಪು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಇದನ್ನು ಅಲ್ಲಿ ನಿಂತೇ ಕಲಿತೆ. ಹುಡುಗನಿಗೆ ನಮ್ಮ ಮೇಲೆ ಕೋಪ ಬಂದದ್ದೂ ಸಹಜ.

ಮೂರನೆಯ ಅಂಗಡಿಯ ಮೂಲೆಯಲ್ಲಿ ಹಸಿರು ಬಣ್ಣದ, ನೋಡಲು ಏನೂ ಚೆಂದವಿಲ್ಲದ ಯಂತ್ರವೊಂದಿತ್ತು. ಬೀಡು ಕಬ್ಬಿಣದ ಹಾಸು, ಅರ್ಧ ಎಚ್‌ಪಿ ಮೋಟಾರು. ವೇಗ ಬದಲಿಸಲು ಮುಚ್ಚಳ ತೆಗೆದು ಬೆಲ್ಟನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಸರಿಸಬೇಕು. ಅದರ ಮೊನೆಗಳು ಮುತ್ತಿಟ್ಟಂತೆ ಕೂಡಿದವು. ನನ್ನ ಕಣ್ಣು ಇನ್ನೂ ಆ ಹೊಳೆಯುವ ಅಂಕಿಗಳ ಮೇಲೆಯೇ ಇದೆಯೆಂದು ಆಚಾರಿಗೆ ಗೊತ್ತಾಯಿತು.

"ಮಳೆಗಾಲದ ಸಂಜೆ ನಮ್ಮಲ್ಲಿ ಕರೆಂಟು ನೂರಾಎಪ್ಪತ್ತು ವೋಲ್ಟಿಗೆ ಇಳಿಯುತ್ತದೆ. ಮೋಟಾರು ಸುಟ್ಟರೆ ಕುಶಾಲನಗರದಲ್ಲಿ ತಂತಿ ಸುತ್ತಿಸಬಹುದು. ಆ ಗುಂಡಿಯ ಹಿಂದಿರುವುದನ್ನು ಯಾರ ಹತ್ತಿರ ಒಯ್ಯುತ್ತೀರಿ?"

ವಾದಿಸುವುದಕ್ಕೆ ನನ್ನ ಬಳಿ ಏನಿತ್ತು? ಲೆಕ್ಕ ಹಾಕಿದರೆ ಒಂದು ಪೆನ್ನಿಗೆ ಬೆಲ್ಟು ಬದಲಿಸಬೇಕಾದದ್ದು ಎರಡೋ ಮೂರೋ ಸಲ. ಕೊಳ್ಳುವ ಮುನ್ನ ಅವರು ನೋಡಿದ ಇನ್ನೊಂದು ಸಂಗತಿ, ಮೊನೆ ಕೂರುವ ಟೇಪರು, ಅಂದರೆ ಒಳಕ್ಕೆ ಕಿರಿದಾಗುತ್ತ ಹೋಗುವ ತೂತು, ಎರಡನೆಯ ನಂಬರಿನ ಅಳತೆಯದೇ ಎಂಬುದು. ಒಂದನೆಯ ನಂಬರಿನದಾದರೆ ಚಕ್ಕು, ಸರಳುಗಳಿಗೆ ಅಲೆಯಬೇಕಾಗುತ್ತಿತ್ತಂತೆ. ಉಳಿಗಳು, ಅವುಗಳಿಗೊಂದು ಸಾಣೆ ಯಂತ್ರ, ಚಕ್ಕು, ಮುಖ ಮುಚ್ಚುವ ಪ್ಲಾಸ್ಟಿಕ್ ಪರದೆ ಎಲ್ಲ ಸೇರಿ ಲೇತಿನ ಬೆಲೆಯ ಹತ್ತಿರಕ್ಕೇ ಬಂತು. ಇದನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಜೂನ್ ಬಂದ ಮೇಲೆ ಯಂತ್ರದ ಆರೈಕೆ ಎಳೆಗೂಸಿನದಾಯಿತು. ನಮ್ಮ ಮಳೆಗೆ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ. ಕಬ್ಬಿಣದ ಹಾಸಿನ ಮೇಲೆ ಎಣ್ಣೆ ಸವರಿ, ಹೊದಿಕೆ ಹೊದಿಸಿ, ಬಟ್ಟೆಯ ಬೀರುವಿನಲ್ಲಿ ಬೂಸ್ಟು ಬರದಂತೆ ಉರಿಸುವ ಬಲ್ಬಿನಂಥದ್ದೇ ಒಂದನ್ನು ಅದರ ಕೆಳಗೂ ಉರಿಸಿದೆ.

ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿದ ಕಾಫಿ ಕಡ್ಡಿಯಿಂದ ಮೊದಲ ಪೆನ್ನು ಕಡೆದೆ. ಆಚಾರಿ ಅದನ್ನು ಹಿಡಿದು ಉಂಗುರದ ಮೇಲೆ ಉಗುರು ಎಳೆದರು. ಟಕ್ ಎಂದಿತು. ಯಂತ್ರವನ್ನೇ ಬೈಯಲು ಬಾಯಿ ತೆರೆದಿದ್ದೆ. ಅವರು ಟೇಲ್‌ಸ್ಟಾಕಿನ ಹಿಡಿಯನ್ನು ಕಾಲು ಸುತ್ತು ಸಡಿಲಿಸಿ, "ಕತ್ತು ಹಿಸುಕಿದರೆ ಸರಳು ಬಾಗುತ್ತದೆ, ಮೇಷ್ಟ್ರೇ" ಎಂದರು.

ಎರಡನೆಯದರ ಮೇಲೂ ಉಗುರು ಎಳೆದರು. ಏನೂ ಹೇಳಲಿಲ್ಲ. ಒಂದು ಕಿವಿಯಲ್ಲಿ ಎಂದಿನ ಪೆನ್ಸಿಲ್ ಇತ್ತು, ಪೆನ್ನನ್ನು ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡು ಮಳೆಯಲ್ಲೇ ಮನೆಗೆ ಹೋದರು.