ಒಂದು ಒತ್ತಕ್ಷರದಷ್ಟು

ಮಗಳ ಕಾಪಿ ಪುಸ್ತಕದಲ್ಲಿ ‘ಕತೆ ಹುಲ್ಲು ತಿನ್ನುತ್ತದೆ’ ಅಂತಿತ್ತು. ಕತ್ತೆಯ ಒತ್ತು ಬಿಟ್ಟುಹೋಗಿದೆ, ಅಷ್ಟೇ. ನಗುತ್ತಾ ತಿದ್ದುವಾಗ ರಾತ್ರಿ ಓದಿದ್ದು ನೆನಪಾಯ್ತು. ಪ್ರೋಟೀನ್ ಹೇಗಿರಬೇಕು ಅಂತ ಹೇಳೋಕೆ ಜೀನಿನಿಂದ ನಕಲಾದ ಅಕ್ಷರಗಳ ಸಾಲು ಆರ್‌ಎನ್‌ಎ. ಅದರಲ್ಲಿ ಬೇಡದ ತುಂಡು ಕತ್ತರಿಸಿ, ಬೇಕಾದ್ದನ್ನು ಜೋಡಿಸೋದು ಸ್ಪ್ಲೈಸಿಂಗ್. ಮುಖ್ಯವಾಗಿ ನರಕೋಶಗಳಲ್ಲೇ ಉಳಿಯುವ ಕೆಲವು ಪುಟಾಣಿ ತುಂಡುಗಳಿವೆ, ಮೈಕ್ರೋಎಕ್ಸಾನ್ ಅಂತ. ಉದ್ದ ಬರೀ 3ರಿಂದ 27 ಅಕ್ಷರ! 3 ಅಂದ್ರೆ ಪ್ರೋಟೀನಿಗೆ ಒಂದೇ ಒಂದು ಅಮೈನೋ ಆಮ್ಲ. ಅವನ್ನು ಹುಡುಕಿ ಸೇರಿಸಲು ಎಸ್‌ಆರ್‌ಆರ್‌ಎಂ4 ಅನ್ನೋ ಪ್ರೋಟೀನ್ ಬೇಕು. 2014ರಲ್ಲಿ ಟೊರಾಂಟೊದ ವಿಜ್ಞಾನಿಗಳು ನೋಡಿದಾಗ, ಆಟಿಸಂ (ಬೇರೆಯವರೊಡನೆ ಬೆರೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ) ಇದ್ದ ಕೆಲವರ ಮಿದುಳಿನಲ್ಲಿ ಇವೇ ಎಷ್ಟೋ ಕಡೆ ಬಿಟ್ಟುಹೋಗಿದ್ದವು. ಆಟಿಸಂಗೆ ಇದೊಂದೇ ಕಾರಣ ಅಂತಲ್ಲ, ಅದು ಅಷ್ಟು ಸರಳವೂ ಅಲ್ಲ. ಆದ್ರೆ 2016ರಲ್ಲಿ ಇಲಿಗಳಲ್ಲಿ ಆ ಪ್ರೋಟೀನನ್ನು ಅರ್ಧಕ್ಕಿಳಿಸಿದಾಗ, ಅವು ಜೊತೆಗಾರ ಇಲಿಗಳ ಕಡೆ ಅಷ್ಟಾಗಿ ಹೋಗಲಿಲ್ಲವಂತೆ.

ಮಗಳು ಮಾತ್ರ ಒತ್ತು ಹಾಕೋಕೆ ಒಪ್ಪಲಿಲ್ಲ. ‘ನನ್ ಕತೆ ಹುಲ್ಲೇ ತಿನ್ನೋದು’ ಅಂದಳು.