74 ಡಾಲರ್ ಸಾಗಣೆ

ಶನಿವಾರ, 14 ಜೂನ್ 2025
ತುಮಕೂರು

ಬೆಳಿಗ್ಗೆ ಆರೂವರೆಗೆ ಲಾರಿ ಡ್ರೈವರ್ ಫೋನ್ ಮಾಡಿದ. ನೆಲಮಂಗಲ ದಾಟಿದೀನಿ ಸಾರ್, ಲೊಕೇಶನ್ ಕಳಿಸಿ ಅಂದ. ಚೆನ್ನೈನಿಂದ ನಿನ್ನೆ ಸಂಜೆ ಹೊರಟಿದ್ದ. ಆಚೆ ನೋಡಿದರೆ ಸಣ್ಣಗೆ ಜಿನುಗುತ್ತಿತ್ತು. ಮೂರು ಮರದ ಪೆಟ್ಟಿಗೆ, ಒಟ್ಟು 2,150 ಕೆಜಿ, ಒಳಗೆಲ್ಲ ಗಾಜು. ಎರಡು ವಾರ ಕಾಯಿಸಿದ ಸಾಮಾನು ಮಳೆ ಹಿಡಿದ ದಿನಾನೇ ಬರಬೇಕಿತ್ತಾ ಅಂತ ಗೊಣಗಿಕೊಂಡೇ ಸೈಟಿಗೆ ಹೋದೆ.

ಈ ಸಾಮಾನಿನ ಕತೆ ಫೆಬ್ರವರಿಯಲ್ಲಿ ಶುರುವಾಗಿದ್ದು. ನಾನು ಕೆಲಸ ಹಿಡಿದಿರೋ ಮನೆಯವರಿಗೆ ಹಾಲ್‌ನಿಂದ ತೋಟಕ್ಕೆ ತೆರೆಯುವ ದೊಡ್ಡ ಸ್ಲೈಡಿಂಗ್ ಬಾಗಿಲು ಬೇಕಿತ್ತು. ಫ್ರೇಮ್ ತೆಳ್ಳಗಿರಬೇಕು, ಗಾಜೇ ಕಾಣಬೇಕು ಅಂತ ಆಸೆ. ಬೆಂಗಳೂರಿನಲ್ಲಿ ಕೇಳಿದ ರೇಟು ಅವರಿಗೆ ಹಿಡಿಸಲಿಲ್ಲ. ಆಗ ಹಾರ್ಡ್‌ವೇರ್ ವ್ಯಾಪಾರದ ಗೆಳೆಯನೊಬ್ಬ ಚೀನಾದ ಫೋಶಾನ್ ಕಡೆಯ ಒಂದು ಫ್ಯಾಕ್ಟರಿ ನಂಬರ್ ಕೊಟ್ಟ. ಟೈಲ್ಸ್, ಅಲ್ಯೂಮಿನಿಯಂ, ಫರ್ನಿಚರ್, ಎಲ್ಲದಕ್ಕೂ ಹೆಸರಾದ ಊರು ಅದು. ಅವರು ಬಾಗಿಲು, ಕಿಟಕಿ ಎಲ್ಲ ಸೇರಿ 5,400 ಡಾಲರ್ ಅಂದರು. ಚೆನ್ನೈ ಬಂದರಿನವರೆಗೆ ಸಾಗಣೆ ಎಷ್ಟು ಅಂತ ಕೇಳಿದೆ. ಕ್ಯೂಬಿಕ್ ಮೀಟರಿಗೆ 10 ಡಾಲರ್. ನಮ್ಮದು 7.4 ಕ್ಯೂಬಿಕ್ ಮೀಟರ್. ಅಂದರೆ 74 ಡಾಲರ್.

ನಾನು ಎರಡು ಸಲ ಓದಿದೆ. 74 ಡಾಲರ್ ಅಂದರೆ ಆರೂವರೆ ಸಾವಿರ ರೂಪಾಯಿಯೂ ಆಗಲ್ಲ. ತುಮಕೂರಿಂದ ಜಿಗಣಿಗೆ ಹೋಗಿ ಗ್ರಾನೈಟ್ ತರೋದಕ್ಕೂ ಅಷ್ಟು ಬಿಡ್ತೀನಿ ನಾನು. ದಕ್ಷಿಣ ಚೀನಾ ಸಮುದ್ರ, ಮಲಕ್ಕಾ ಜಲಸಂಧಿ, ಬಂಗಾಳ ಕೊಲ್ಲಿ ಎಲ್ಲ ದಾಟಿಸಿ ಈ ರೇಟಾ! ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಅದೇ ಲೆಕ್ಕ ಹಿಡಿದು ಮನೆಯವರಿಗೆ ಕೊಟೇಶನ್ ಕೊಟ್ಟುಬಿಟ್ಟೆ. ಎಲ್ಲ ಕಳೆದು 80 ಸಾವಿರ ಕೈಗೆ ಉಳಿಯುತ್ತೆ ಅಂತ ಡೈರಿಯಲ್ಲಿ ಬರೆದುಕೊಂಡಿದ್ದೂ ಇದೆ.

ಹಡಗಿನ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಪೂರ್ತಿ ಕಂಟೇನರ್ ತುಂಬುವಷ್ಟು ಸಾಮಾನು ಇಲ್ಲದಿದ್ದರೆ ನಾಲ್ಕಾರು ಜನರ ಸಾಮಾನು ಒಂದೇ ಕಂಟೇನರಿಗೆ ಹಾಕ್ತಾರೆ. ಎಲ್‌ಸಿಎಲ್ ಅಂತಾರೆ. ನಮ್ಮ ಷೇರ್ ಆಟೋ ಥರ. ಒಂದು ಕ್ಯೂಬಿಕ್ ಮೀಟರ್ ಅಥವಾ ಒಂದು ಟನ್, ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. ಕಿಟಕಿ ಬಾಗಿಲು ಜಾಗ ತಿನ್ನುತ್ತೆ, ತೂಕ ಕಮ್ಮಿ. ಟೈಲ್ಸ್ ಉಲ್ಟಾ. 20 ಅಡಿ ಕಂಟೇನರ್ ಒಳಗೆ ಹೆಚ್ಚುಕಮ್ಮಿ 33 ಕ್ಯೂಬಿಕ್ ಮೀಟರ್ ಜಾಗ ಇದ್ದರೂ ಟೈಲ್ಸ್ ಅರ್ಧ ಎತ್ತರ ಬರೋ ಹೊತ್ತಿಗೆ ತೂಕದ ಮಿತಿ ಮುಟ್ಟಿರುತ್ತೆ. ಮೇಲಿನ ಅರ್ಧ ಬರೀ ಗಾಳಿ.

ಮೇ 2ಕ್ಕೆ ಸಾಮಾನು ಚೀನಾದ ನಾನ್‌ಶಾ ಬಂದರಿನಿಂದ ಹೊರಟಿತು. ಮಲೇಷ್ಯಾದ ಪೋರ್ಟ್ ಕ್ಲಾಂಗ್‌ನಲ್ಲಿ ಇಳಿದು, ಬೇರೆ ಹಡಗು ಹತ್ತಿ, ಮೇ 30ಕ್ಕೆ ಚೆನ್ನೈ ಸೇರಿತು. ಅಲ್ಲಿಯವರೆಗೆ ನಾನು ಹಾಯಾಗಿದ್ದೆ.

ಜೂನ್ 2ಕ್ಕೆ ಚೆನ್ನೈನ ಏಜೆಂಟರಿಂದ ಒಂದು ಬಿಲ್ ಬಂತು. ಫೋಶಾನ್‌ನವರು ಗೊತ್ತು ಮಾಡಿದ ಸಾಗಣೆದಾರರ ಇಲ್ಲಿನ ಏಜೆಂಟರು ಇವರು. ನಾನು ಮುಖ ಕಂಡಿಲ್ಲ, ಆರಿಸಿಕೊಂಡೂ ಇಲ್ಲ. ಟರ್ಮಿನಲ್ ಹ್ಯಾಂಡ್ಲಿಂಗು, ಕಂಟೇನರ್ ಬಿಚ್ಚಿ ಸಾಮಾನು ಇಳಿಸಿದ್ದು, ಇನ್ನೂ ಏನೇನೋ ಸೇರಿ ಕ್ಯೂಬಿಕ್ ಮೀಟರಿಗೆ 5,200 ರೂಪಾಯಿ. ಸಾಮಾನು ಬಿಡಿಸಿಕೊಳ್ಳೋಕೆ ಬೇಕಾದ ಡೆಲಿವರಿ ಆರ್ಡರ್ ಅನ್ನೋ ಒಂದು ಹಾಳೆಗೆ 4,500. ದಾಖಲೆ ಪತ್ರಕ್ಕೆ 3,000. ಮೇಲೆ ಜಿಎಸ್‌ಟಿ 18%. ಒಟ್ಟು 54,256 ರೂಪಾಯಿ. ಸಮುದ್ರ ದಾಟಿಸಿದ್ದಕ್ಕೆ ಆರೂವರೆ ಸಾವಿರ, ದಡದಲ್ಲಿ ಇಳಿಸಿದ್ದಕ್ಕೆ ಐವತ್ತನಾಲ್ಕು ಸಾವಿರ.

ಏನೋ ತಪ್ಪಾಗಿದೆ ಅಂತ ನನ್ನ ಕಸ್ಟಮ್ಸ್ ಬ್ರೋಕರಿಗೆ ಫೋನ್ ಮಾಡಿದೆ. ಆತ ಜೋರಾಗಿ ನಕ್ಕ. ಹೊಸೂರಿನವನು, ತಮಿಳು ಬೆರೆಸಿ ಕನ್ನಡ ಮಾತಾಡ್ತಾನೆ. "ಸಾರ್, ಚೀನಾದಲ್ಲಿ ಹತ್ತು ಡಾಲರ್ ಅಂದಾಗಲೇ ನನ್ನ ಕೇಳಬಾರದಿತ್ತಾ? ಕೆಲವರು ಸೊನ್ನೆ ಅಂತಾರೆ. ಇನ್ನು ಕೆಲವರು ನಿಮ್ಮ ಸಾಮಾನು ನಮಗೇ ಕೊಡಿ ಅಂತ ಮಾರೋನಿಗೇ ಒಂದಿಷ್ಟು ಕೈಗೆ ಹಾಕ್ತಾರೆ. ಅಲ್ಲಿ ಬಿಟ್ಟಿದ್ದನ್ನ ಇಲ್ಲಿ ನಿಮ್ಮ ಹತ್ರ ಎತ್ಕೋತಾರೆ, ಅಷ್ಟೇ."

ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದ. ನಾನು ಒಪ್ಪಿಕೊಂಡಿದ್ದು ಸಿ ಅಂಡ್ ಎಫ್ ರೇಟು. ಅಂದರೆ ಹಡಗನ್ನು ಗೊತ್ತು ಮಾಡೋನು ಮಾರುವವನು. ಅವನಿಗೆ ಬೇಕಾಗಿದ್ದು ತನ್ನ ಕೊಟೇಶನ್ ಅಗ್ಗವಾಗಿ ಕಾಣೋದು. ಚೆನ್ನೈನಲ್ಲಿ ಎಷ್ಟು ಕೀಳ್ತಾರೆ ಅನ್ನೋದು ಅವನ ತಲೆನೋವಲ್ಲ. ಸಾಮಾನು ಬಂದು ಇಳಿದ ಮೇಲೆ ನಾನು ಚೌಕಾಸಿ ಮಾಡೋದಕ್ಕೂ ಏನೂ ಉಳಿದಿರಲ್ಲ. ದುಡ್ಡು ಕಟ್ಟದಿದ್ದರೆ ಡೆಲಿವರಿ ಆರ್ಡರ್ ಇಲ್ಲ. ಡೆಲಿವರಿ ಆರ್ಡರ್ ಇಲ್ಲದಿದ್ದರೆ ಗೋದಾಮಿನ ಬಾಡಿಗೆ ದಿನಾ ಏರುತ್ತೆ. ಎಫ್‌ಓಬಿ, ಅಂದರೆ ಅಲ್ಲಿ ಹಡಗು ಹತ್ತಿಸೋವರೆಗೆ ಮಾತ್ರ ಮಾರುವವನ ಖರ್ಚು, ಅಂತ ಮಾತಾಡಿಕೊಂಡು ಸಾಗಣೆದಾರನನ್ನ ನಾನೇ ಗೊತ್ತು ಮಾಡಿದ್ದಿದ್ದರೆ ಅಲ್ಲಿಂದ ಹೊರಡೋ ಮೊದಲೇ ಎರಡೂ ದಡದ ಖರ್ಚು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಬಹುದಿತ್ತು. ಹಡಗಿನ ಬಾಡಿಗೆ ಆಗ ಜಾಸ್ತಿಯೇ ಕಾಣುತ್ತೆ. ಒಟ್ಟು ಮಾತ್ರ ಕಮ್ಮಿ.

ಗೋದಾಮಿನ ಬಾಡಿಗೆ ಏರಿದ್ದೂ ಆಯ್ತು ಅನ್ನಿ. ಮೂಲ ಬಿಲ್ ಆಫ್ ಲೇಡಿಂಗ್ (ಹಡಗಿಗೆ ಹಾಕಿದ ಸಾಮಾನಿನ ರಸೀದಿ, ಇದನ್ನ ತೋರಿಸಿದವರಿಗೇ ಸಾಮಾನು) ಕೊರಿಯರ್ ಮಾಡಿಸೋ ಬದಲು ಅಲ್ಲೇ ಸಾಗಣೆ ಕಂಪನಿಗೆ ವಾಪಸ್ ಕೊಟ್ಟು ಸರೆಂಡರ್ ಮಾಡಿ ಅಂತ ಮಾರುವವನಿಗೆ ಹೇಳಿದ್ದೆ. ಅವನು ಮಾಡಿರಲಿಲ್ಲ. ಮೇ 31ರಿಂದ ಅವರಿಗೆ ಡ್ರ್ಯಾಗನ್ ದೋಣಿ ಹಬ್ಬ, ಮೂರು ದಿನ ರಜೆ. ಮೆಸೇಜಿಗೆ ಉತ್ತರವೇ ಇಲ್ಲ. ರಜೆ ಮುಗಿಸಿ ಬಂದು ಸಾಗಣೆ ಕಂಪನಿಗೆ ಕಾಗದ ಕೊಟ್ಟು, ಅವರು ಇಲ್ಲಿಗೆ ತಿಳಿಸೋ ಹೊತ್ತಿಗೆ ಗೋದಾಮಿನ ಬಿಟ್ಟಿ ದಿನಗಳು ಮುಗಿದಿದ್ದವು. ಅದಕ್ಕೆ 6,200. ಪುಣ್ಯಕ್ಕೆ ಬಿಲ್ ಆಫ್ ಎಂಟ್ರಿಯನ್ನ, ಅಂದರೆ ಏನು ಆಮದಾಗ್ತಿದೆ ಅಂತ ಕಸ್ಟಮ್ಸ್‌ಗೆ ಕೊಡೋ ಘೋಷಣೆಯನ್ನ, ಬ್ರೋಕರ್ ಹಡಗು ಬರೋ ಮೊದಲೇ ಹಾಕಿದ್ದ. ಅದು ತಡವಾದರೆ ಮೊದಲ ಮೂರು ದಿನ ದಿನಕ್ಕೆ 5 ಸಾವಿರ, ಆಮೇಲೆ ದಿನಕ್ಕೆ 10 ಸಾವಿರ ದಂಡ.

ಸುಂಕದ ಬಗ್ಗೆ ಮಾತ್ರ ನನ್ನ ಲೆಕ್ಕ ಸರಿಯಿತ್ತು. ಮೂಲ ಸುಂಕ 10%, ಅದರ ಮೇಲೆ ಹತ್ತನೇ ಒಂದು ಭಾಗ ಸರ್‌ಚಾರ್ಜು, ಎಲ್ಲ ಸೇರಿಸಿ ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕೋ ಜಿಎಸ್‌ಟಿ, 18%. ಒಟ್ಟು 1,48,000 ಚಿಲ್ಲರೆ. ಐಜಿಎಸ್‌ಟಿಯ 95 ಸಾವಿರ ನನಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತೆ. ಇದರಲ್ಲಿ ಒಂದು ತಮಾಷೆ ಇದೆ. ಸುಂಕ ಬರೀ ಸಾಮಾನಿನ ಬೆಲೆಗಲ್ಲ, ಸಾಗಣೆ ಮತ್ತು ವಿಮೆ ಸೇರಿದ ಬೆಲೆಗೆ. ನಾನು ವಿಮೆಯನ್ನೇ ಮಾಡಿಸಿರಲಿಲ್ಲ. ಮಾಡಿಸದಿದ್ದರೂ ಕಸ್ಟಮ್ಸ್‌ನವರು ಸಾಮಾನಿನ ಬೆಲೆಯ 1.125% ವಿಮೆ ಅಂತ ತಾವೇ ಸೇರಿಸಿಕೊಂಡು ಅದಕ್ಕೂ ಸುಂಕ ಹಾಕ್ತಾರೆ. ಇಲ್ಲದ ವಿಮೆಗೆ ಇರೋ ಸುಂಕ. ಸಾಗಣೆ ಎಷ್ಟು ಅಂತ ಗೊತ್ತಾಗದಿದ್ದರೆ ಅದಕ್ಕೂ ಹೀಗೇ, 20% ಅಂತ ಹಿಡಿಯೋದು.

ವಿಮೆ ಬೇಡ ಅಂದಿದ್ದು ಎರಡೂವರೆ ಸಾವಿರ ಉಳಿಸೋ ಆಸೆಗೆ. ಅದರ ನೆನಪು ಬಂದಿದ್ದು ಈ ಸೋಮವಾರ. ಕೊಲಂಬೋದಿಂದ ನವಿ ಮುಂಬೈ ಕಡೆ ಹೊರಟಿದ್ದ ವಾನ್ ಹೈ 503 ಹಡಗಿಗೆ ಕೇರಳದ ಆಚೆ ಬೆಂಕಿ ಬಿತ್ತು. ಬದುಕಿ ಬಂದ 18 ಜನರನ್ನ ಮಂಗಳೂರಿಗೇ ಕರೆತಂದರು. ಅದಕ್ಕೆ ಎರಡು ವಾರ ಮೊದಲಷ್ಟೇ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಮುಳುಗಿತ್ತು. ಟಿವಿಯಲ್ಲಿ ಆ ಹೊಗೆ ನೋಡ್ತಾ, ಆ ಕಂಟೇನರುಗಳಲ್ಲಿ ಯಾರ ಮನೆಯ ಟೈಲ್ಸು, ಯಾರ ನಲ್ಲಿ ಸುಡ್ತಿದೆಯೋ ಅಂದುಕೊಂಡೆ. ಸಾಮಾನು ಸುಟ್ಟರೆ ಒಂದು ಕತೆ. ಸುಡದಿದ್ದರೂ ಇನ್ನೊಂದು ಕತೆ ಇದೆ. ಹಡಗು ಉಳಿಸೋಕೆ ಆದ ವಿಶೇಷ ಖರ್ಚನ್ನ ಅದರಲ್ಲಿ ಸಾಮಾನು ಹಾಕಿದ ಎಲ್ಲರ ಮೇಲೂ ಹಂಚೋ ಹಳೇ ಕಾನೂನು ಇದೆ, ಜನರಲ್ ಆವರೇಜ್ ಅಂತ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಹಡಗು ಸಿಕ್ಕಿಹಾಕಿಕೊಂಡಾಗ ಅದರ ಮಾಲೀಕರು ಇದನ್ನೇ ಹಾಕಿದ್ದರು. ವಿಮೆ ಇದ್ದವರ ಪಾಲನ್ನ ವಿಮೆ ಕಂಪನಿ ನೋಡಿಕೊಳ್ಳುತ್ತೆ. ನನ್ನಂಥ ಜಾಣರು ಕೈಯಿಂದ ಕಟ್ಟಬೇಕು.

ನಿನ್ನೆಯಿಂದ ಇಸ್ರೇಲ್, ಇರಾನ್ ಗಲಾಟೆ ಬೇರೆ. ಕಚ್ಚಾ ತೈಲ ಒಂದೇ ದಿನಕ್ಕೆ 7% ಏರಿದೆಯಂತೆ. ಕೆಂಪು ಸಮುದ್ರದ ದಾಳಿಗಳಿಂದಾಗಿ ಇಟಲಿ ಮಾರ್ಬಲ್ ಬರೋ ಹಡಗುಗಳು ಒಂದೂವರೆ ವರ್ಷದಿಂದ ಆಫ್ರಿಕಾ ಸುತ್ತಿಕೊಂಡೇ ಬರ್ತಿವೆ. ಮಾರ್ಬಲ್ ಕೆಲಸದ ಗೆಳೆಯ ಈಗ ಗಿರಾಕಿಗೆ ತಾರೀಖೇ ಹೇಳಲ್ಲ. ಬಂದಾಗ ಬರುತ್ತೆ ಅಂತಾನೆ.

ಲಾರಿ ಎಂಟು ಗಂಟೆಗೆ ಬಂತು. ಚೆನ್ನೈನಿಂದ ಬಾಡಿಗೆ 23 ಸಾವಿರ. ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಇರುತ್ತೆ, ನಮ್ಮ ಗಲ್ಲಿಯಲ್ಲಿ ಎಲ್ಲಿಂದ ಬರಬೇಕು? ಪಕ್ಕದ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದ ಜೆಸಿಬಿಯವನನ್ನ ಕರೆದೆ. ಮೂರು ಸಾವಿರ ಅಂದ. ಬಕೆಟ್ಟಿನ ಹಲ್ಲಿಗೆ ಬೆಲ್ಟ್ ಸುತ್ತಿ ಒಂದೊಂದೇ ಪೆಟ್ಟಿಗೆ ಎತ್ತಿದ. ಪೆಟ್ಟಿಗೆ ಗಾಳಿಯಲ್ಲಿ ತಿರುಗುವಾಗ ನನ್ನ ಹೊಟ್ಟೆಯೂ ತಿರುಗುತ್ತಿತ್ತು. ಮೇಸ್ತ್ರಿ ಕೆಳಗೆ ನಿಂತು ಕೈ ಆಡಿಸ್ತಾ, "ನಿಧಾನ, ನಿಧಾನ, ಮದುಮಗಳು ಕಣಯ್ಯಾ" ಅಂತಿದ್ದ.

ಪೆಟ್ಟಿಗೆಯ ಹಲಗೆ ಮೇಲೆ ಸುಟ್ಟು ಒತ್ತಿದ ಒಂದು ಮುದ್ರೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ಎಚ್‌ಟಿ ಅಂತ ಎರಡಕ್ಷರ. ಹುಳ ಹುಪ್ಪಟೆ ಸಾಯೋ ಹಾಗೆ ಮರವನ್ನ ಕಾಯಿಸಿದ್ದೀವಿ ಅನ್ನೋ ಗುರುತು. ಇದಿಲ್ಲದ ಮರದಲ್ಲಿ ಪ್ಯಾಕ್ ಮಾಡಿ ಕಳಿಸಿದರೆ ಸಾಮಾನು ಬಂದರಿನಲ್ಲೇ ನಿಲ್ಲುತ್ತೆ. ಇನ್ನೊಂದು ಪಕ್ಕ ಓರೆಯಾದರೆ ಬಣ್ಣ ಬದಲಾಗೋ ಸ್ಟಿಕ್ಕರ್. ಎರಡು ಪೆಟ್ಟಿಗೆಯಲ್ಲಿ ಬೆಳ್ಳಗಿತ್ತು. ಮೂರನೆಯದರಲ್ಲಿ ಕೆಂಪು.

ಮೂರನೆಯದನ್ನ ಬಿಚ್ಚುವಾಗ ಯಾರೂ ಮಾತಾಡಲಿಲ್ಲ. ಥರ್ಮೊಕೋಲ್ ತೆಗೆದರೆ ಅಡುಗೆಮನೆ ಕಿಟಕಿಯ ಗಾಜು ಪೂರ್ತಿ ಅಕ್ಕಿ ಕಾಳಿನಂಥ ಚೂರು. ಟಫನ್ಡ್ ಗಾಜು ಹಾಗೇ ಒಡೆಯೋದು. ಫ್ರೇಮಿಗೆ ಏನೂ ಆಗಿರಲಿಲ್ಲ. ಎಲ್ಲಿ ಒಡೆಯಿತು, ನಾನ್‌ಶಾದಲ್ಲಾ, ಕ್ಲಾಂಗಿನಲ್ಲಾ, ಚೆನ್ನೈ ಗೋದಾಮಿನಲ್ಲಾ, ಯಾರನ್ನ ಕೇಳಲಿ? ಬೆಂಗಳೂರಿನಲ್ಲಿ ಅದೇ ಅಳತೆಯ ಡಬಲ್ ಗಾಜಿಗೆ 14 ಸಾವಿರ ಅಂದರು.

ಸಂಜೆ ಕೂತು ಲೆಕ್ಕ ಹಾಕಿದೆ. ಏಜೆಂಟರ ಬಿಲ್ಲಿನಲ್ಲಿ ಜಿಎಸ್‌ಟಿ ಕಳೆದು 45,980. ಗೋದಾಮು 6,200. ಬ್ರೋಕರ್ 9,500. ಇವನ ದುಡ್ಡನ್ನೂ ನಾನು ಮೊದಲು ಬರೆದುಕೊಂಡಿರಲಿಲ್ಲ, ಪಾಪ. ಲಾರಿ ಅಂದಾಜಿಗಿಂತ 3 ಸಾವಿರ ಜಾಸ್ತಿ. ಜೆಸಿಬಿ 3 ಸಾವಿರ. ಗಾಜು 14 ಸಾವಿರ. ಒಟ್ಟು 81,680. ಡೈರಿಯ ಹಳೇ ಪುಟದಲ್ಲಿದ್ದ 80 ಸಾವಿರದ ಪಕ್ಕ ಈ ಅಂಕಿ ಬರೆದು ಗೆರೆ ಎಳೆದೆ.

ಪೆಟ್ಟಿಗೆಯ ಹಲಗೆಗಳನ್ನ ಮೇಸ್ತ್ರಿ ಕೇಳಿದ, ಕೋಳಿ ಗೂಡು ಮಾಡಿಸ್ತಾನಂತೆ. ತಗೊಂಡು ಹೋಗು ಅಂದೆ.

ಇದನ್ನ ಬರೆಯುತ್ತಿರುವಾಗಲೇ ಫೋಶಾನ್‌ನವನ ಮೆಸೇಜ್ ಬಂತು. ಮುಂದಿನ ಆರ್ಡರ್ ಯಾವಾಗ, ಈ ತಿಂಗಳು ಚೆನ್ನೈಗೆ ಸಾಗಣೆ ಸೊನ್ನೆ ಡಾಲರ್ ಅಂತ. ಜೊತೆಗೆ ಎರಡು ನಗೋ ಮುಖ. ಚೆನ್ನೈನಲ್ಲಿ ಇಳಿಸೋಕೆ ಎಷ್ಟು, ಏಜೆಂಟರಿಂದ ಬರೆಸಿ ಕಳಿಸು ಅಂತ ಕೇಳಿದೀನಿ. ಎರಡು ನೀಲಿ ಗೆರೆ ಬಿದ್ದು ಮುಕ್ಕಾಲು ಗಂಟೆಯಾಯ್ತು.