ಹಳೆಯ ಡಿಸ್ಕಿನ ವೇಗ: 8ರಿಂದ ಭಾಗಿಸಬೇಕೋ, 10ರಿಂದಲೋ?

ಸಾಟಾ (ತೆಳು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸುವ ಬಗೆ) ಡಿಸ್ಕಿನ ಮೇಲೆ ಸೆಕೆಂಡಿಗೆ 3 ಗಿಗಾಬಿಟ್ ಎಂದಿದ್ದರೆ ಹಲವರು 8ರಿಂದ ಭಾಗಿಸಿ ಸೆಕೆಂಡಿಗೆ 375 ಮೆಗಾಬೈಟ್ ಎನ್ನುತ್ತಾರೆ. ಅದು ತಪ್ಪು. ಸಾಟಾದಲ್ಲಿ ಪ್ರತಿ 8 ಬಿಟ್ ಮಾಹಿತಿ ತಂತಿಯ ಮೇಲೆ 10 ಬಿಟ್ ಆಗಿ ಹೋಗುತ್ತದೆ. ಹಾಗಾಗಿ 10ರಿಂದಲೇ ಭಾಗಿಸಿ: 1.5 ಗಿಗಾಬಿಟ್‌ಗೆ 150 ಮೆಗಾಬೈಟ್, 3ಕ್ಕೆ 300, 6ಕ್ಕೆ 600. ಪ್ಯಾಕೆಟ್‌ಗಳ ಖರ್ಚು ಕಳೆದರೆ ಕೊನೆಯದರಲ್ಲಿ ಕೈಗೆ ಸಿಗುವುದು ಸುಮಾರು 550.

ಸಾಟಾಗಿಂತ ಹಳೆಯದಾದ, ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕಿಗೆ ಈ ಲೆಕ್ಕ ಬೇಡ. ಅದರ ಮೇಲೆ ಅಲ್ಟ್ರಾ ಎಟಿಎ 133 ಎಂದಿದ್ದರೆ ನೇರವಾಗಿ ಸೆಕೆಂಡಿಗೆ 133 ಮೆಗಾಬೈಟ್. ಬಿಟ್ಟಿನಲ್ಲಿ ಬೇಕಿದ್ದರೆ 8ರಿಂದ ಗುಣಿಸಿ, 1064 ಮೆಗಾಬಿಟ್. ಆದರೆ 80 ತಂತಿಯ ಕೇಬಲ್ ಬೇಕು. 40 ತಂತಿಯದನ್ನು ಸಿಕ್ಕಿಸಿದರೆ ವೇಗ 33ಕ್ಕೆ ಇಳಿಯುತ್ತದೆ. ಡಿಸ್ಕ್ ಕೆಟ್ಟಿತೆಂದು ಬಿಸಾಡುವ ಮುನ್ನ ಕೇಬಲ್ ನೋಡಿ! ಸರ್ವರ್‌ಗಳಲ್ಲಿ ಬಳಸುತ್ತಿದ್ದ ಅಲ್ಟ್ರಾ320 ಸ್ಕಸಿ ಡಿಸ್ಕಿನ 320 ಕೂಡ ಮೆಗಾಬೈಟೇ: ಸೆಕೆಂಡಿಗೆ 16 ಕೋಟಿ ವರ್ಗಾವಣೆ, ಪ್ರತಿಯೊಂದರಲ್ಲಿ 2 ಬೈಟ್. ಇದನ್ನು ಒಂದೇ ಕೇಬಲ್ಲಿಗೆ ಸಿಕ್ಕಿಸಿದ ಎಲ್ಲ ಡಿಸ್ಕ್‌ಗಳೂ ಹಂಚಿಕೊಳ್ಳಬೇಕು.

ನಿಜವಾದ ಮಜಾ ಇರುವುದು ಇವೆಲ್ಲಕ್ಕಿಂತ ಹಳೆಯ ಕಾಲದ ಎಂಎಫ್‌ಎಂ ಡಿಸ್ಕಿನಲ್ಲಿ. ಸೆಕೆಂಡಿಗೆ 5 ಮೆಗಾಬಿಟ್, ಅಂದರೆ 6,25,000 ಬೈಟ್. ಆದರೆ ಟ್ರ್ಯಾಕಿಗೆ (ಡಿಸ್ಕಿನ ಮೇಲಿನ ಒಂದು ವೃತ್ತಕ್ಕೆ) 17 ಸೆಕ್ಟರ್ ಅಂದರೆ ತುಂಡು, ತಲಾ 512 ಬೈಟ್, ನಿಮಿಷಕ್ಕೆ 3600 ಸುತ್ತು: 17 × 512 × 60 = 5,22,240 ಬೈಟ್. ಉಳಿದದ್ದನ್ನು ಸೆಕ್ಟರ್ ತಲೆಬರಹ, ನಡುವಿನ ಖಾಲಿ ಜಾಗ ನುಂಗುತ್ತವೆ. ಇಂಟರ್‌ಲೀವ್ (ಒಂದರ ನಂತರದ ಸೆಕ್ಟರನ್ನು ಪಕ್ಕದಲ್ಲೇ ಇಡದೆ ಕೆಲವು ಸ್ಥಾನ ದೂರ ಇಡುವುದು) 6 ಇಟ್ಟಿದ್ದರೆ ಟ್ರ್ಯಾಕ್ ಪೂರ್ತಿ ಓದಲು 6 ಸುತ್ತು ಬೇಕು, ಸೆಕೆಂಡಿಗೆ ಸಿಗುವುದು 87,040 ಬೈಟ್ ಮಾತ್ರ.

ಇನ್ನೊಂದು ಗೊಂದಲ: 600 ಮೆಗಾಬೈಟನ್ನು 10,48,576 ಬೈಟಿನ ಮೆಬಿಬೈಟಿನಲ್ಲಿ ಅಳೆದರೆ 572 ಕಾಣುತ್ತದೆ. ವೇಗವೇನೂ ಕಡಿಮೆಯಾಗಿಲ್ಲ, ಅಳತೆಗೋಲು ಬೇರೆ ಅಷ್ಟೆ.